ಗೇಟು ಹೇಗಿತ್ತೋ ಹಾಗೇ

ಮಗಳ ಫೋನಿಗೆ ಬಂದಿದ್ದ ಷರತ್ತುಗಳನ್ನು ಅಳಿಯ ಊಟದ ಹೊತ್ತಿನಲ್ಲಿ ಕನ್ನಡ ಮಾಡಿ ಓದಿದ. ನೀರು ಕೊಡುವುದಿಲ್ಲ. ಕರೆಂಟು ಕೊಡುವುದಿಲ್ಲ. ಕಕ್ಕಸು ಇಲ್ಲ. ಕಸದ ತೊಟ್ಟಿ ಇಲ್ಲ, ನಿಮ್ಮ ಕಸ ನೀವೇ ಹೊತ್ತುಕೊಂಡು ಹೋಗತಕ್ಕದ್ದು. ಯಾವ ನೀರನ್ನೂ ನೆಲಕ್ಕೆ ಚೆಲ್ಲಬಾರದು. ರಾತ್ರಿ ಹತ್ತರ ಮೇಲೆ ಜನರೇಟರ್ ಸದ್ದು ಕೂಡದು. ಬೆಂಕಿ ಹಾಕುವ ಹಾಗಿಲ್ಲ. ದನಗಳಿಗೆ ಏನೂ ತಿನ್ನಿಸಬೇಡಿ. ಗೇಟುಗಳು ನಿಮಗೆ ಹೇಗೆ ಸಿಕ್ಕವೋ ಹಾಗೇ ಬಿಟ್ಟುಹೋಗಿ. ಇಷ್ಟಕ್ಕೆ, ರಾತ್ರಿಯೊಂದಕ್ಕೆ ಇಂತಿಷ್ಟು ಡಾಲರ್.

"ಏನೂ ಕೊಡಲ್ಲ ಅಂದಮೇಲೆ ದುಡ್ಡು ಯಾತಕ್ಕಪ್ಪ?" ಅಂದೆ.

"ಅದಕ್ಕೇ ಅತ್ತೆ. ಏನೂ ಇಲ್ದೆ ಇರೋದಕ್ಕೇ ದುಡ್ಡು."

ಮಾರ್ಚ್ ತಿಂಗಳು. ಮೊಮ್ಮಗಳ ಸ್ಕೂಲಿಗೆ ಒಂದು ವಾರ ರಜ. ಅರಸೀಕೆರೆಯಿಂದ ಬಂದ ನಾವಿಬ್ಬರೂ ಆಸ್ಟಿನ್ನಿನ ಮಗಳ ಮನೆಯ ಸೋಫಾಕ್ಕೆ ಅಂಟಿಕೊಂಡು ಎರಡು ತಿಂಗಳಾಗಿತ್ತು. ಈ ಮುದುಕರಿಗೆ ಸ್ವಲ್ಪ ಗಾಳಿ ಆಡಿಸಿಕೊಂಡು ಬರೋಣ ಅಂತ ಮಗಳು ಹೂಡಿದ ಉಪಾಯ ಇದು: ಸ್ಯಾನ್ ಆಂಟೋನಿಯೊ ದಾಟಿ ದಕ್ಷಿಣಕ್ಕೆ ಎರಡು ಗಂಟೆ ಹೋಗಿ, ಯಾರದೋ ದನದ ರ‍್ಯಾಂಚಿನ ಮೂಲೆಯಲ್ಲಿ ಬಾಡಿಗೆಯ ಮನೆಗಾಡಿ ನಿಲ್ಲಿಸಿಕೊಂಡು ಎರಡು ರಾತ್ರಿ ಇದ್ದು ಬರುವುದು.

"ಕಾಡಿಗೆ ಹೋಗೋದು ಬಿಟ್ಟು ಇನ್ನೊಬ್ಬರ ಹೊಲಕ್ಕೆ ಯಾಕೆ ಹೋಗ್ಬೇಕು?" ಅಂತ ನಮ್ಮ ಯಜಮಾನರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ ಸರ್ಕಾರದ ಜಮೀನು ಕಣ್ಣು ಹಾಯಿಸಿದಷ್ಟೂ ಬಿದ್ದಿದೆ. ನೆವಾಡದಲ್ಲಿ ಹತ್ತು ಎಕರೆಗೆ ಎಂಟು ಎಕರೆ ಕೇಂದ್ರದ್ದೇ. ಅಲ್ಲಿ ಬಹಳ ಕಡೆ ಹದಿನಾಲ್ಕು ದಿನದ ತನಕ ಬಿಟ್ಟಿ ಗಾಡಿ ಬಿಟ್ಟುಕೊಂಡಿರಬಹುದು. ಟೆಕ್ಸಾಸಿನ ಜಾತಕವೇ ಬೇರೆ. 1845ರಲ್ಲಿ ಅದು ಅಮೆರಿಕದ ಒಕ್ಕೂಟ ಸೇರಿದಾಗ, ನಾವು ಸೇರುತ್ತೇವೆ, ನಮ್ಮ ಜಮೀನು ಸೇರುವುದಿಲ್ಲ ಅಂತ ಹಟ ಹಿಡಿದು ಜಮೀನನ್ನೆಲ್ಲ ತನ್ನ ಹತ್ತಿರವೇ ಉಳಿಸಿಕೊಂಡು, ಆಮೇಲೆ ಮಾರಿಕೊಂಡಿತು. ಹಾಗಾಗಿ ಇವತ್ತಿಗೂ ಅಲ್ಲಿನ ನೆಲದಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು ಯಾರದೋ ಸ್ವಂತದ್ದು. ಬಯಲು ಬೇಕಾದರೆ ಬಯಲಿನ ಯಜಮಾನನನ್ನು ಕೇಳಬೇಕು. ನಮಗೆ ಸಿಕ್ಕಿದ್ದು 640 ಎಕರೆಯ ರ‍್ಯಾಂಚು, ಅಂದರೆ ಸರಿಯಾಗಿ ಒಂದು ಚದರ ಮೈಲಿ. ಅದನ್ನು ಅವರು ಸಣ್ಣದು ಅನ್ನುತ್ತಾರೆ. ಆ ಕಡೆಯೇ ಇರುವ ಕಿಂಗ್ ರ‍್ಯಾಂಚ್ ಅನ್ನುವುದು 8,25,000 ಎಕರೆಯಂತೆ. ನಮ್ಮವರು ಕಾಗದದ ಮೇಲೆ ಲೆಕ್ಕ ಹಾಕಿ, "ಹಾಸನ ಜಿಲ್ಲೇಲಿ ಅರ್ಧ ಕಣೇ," ಅಂದರು. ಆಮೇಲೆ ಯಾವ ಅರ್ಧ, ಸಕಲೇಶಪುರದ ಕಡೆಯದೋ ನಮ್ಮ ಕಡೆಯದೋ ಅಂತ ಸ್ವಲ್ಪ ಚರ್ಚೆಯಾಯಿತು.

ಷರತ್ತುಗಳ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಮಾತಿತ್ತು: ಸೆಲ್ಫ್ ಕಂಟೈನ್ಡ್ ಗಾಡಿಗಳಿಗೆ ಮಾತ್ರ. ಇದನ್ನು ಕನ್ನಡದಲ್ಲಿ ಏನನ್ನಬೇಕು ಅಂತ ನಾನು ದಾರಿಯುದ್ದಕ್ಕೂ ಯೋಚಿಸಿದೆ. ಸ್ವಯಂಪೂರ್ಣ ಅಂದರೆ ಉಪನಿಷತ್ತಿನ ಹತ್ತಿರ ಹೋಗುತ್ತದೆ. ಸ್ವಾವಲಂಬಿ ಅಂದರೆ ಮಹಿಳಾ ಸಂಘದ ಬೋರ್ಡು. ಕೊನೆಗೆ ತಿಳಿದದ್ದೇನೆಂದರೆ ಆ ಪದಕ್ಕೆ ಅಂಥ ಘನವಾದ ಅರ್ಥವೇನೂ ಇಲ್ಲ, ಗಾಡಿಯೊಳಗೆ ಕಕ್ಕಸು ಇರಬೇಕು ಅಷ್ಟೇ. ನ್ಯೂಜಿಲೆಂಡಿನಲ್ಲಂತೂ 2023ರಲ್ಲಿ ಇದಕ್ಕೆ ಒಂದು ಕಾನೂನನ್ನೇ ಮಾಡಿದ್ದಾರೆ: ಗಾಡಿಗೆ ಬಿಗಿದು ಕೂರಿಸಿದ ಶೌಚಾಲಯ ಇಲ್ಲದಿದ್ದರೆ ಸೆಲ್ಫ್ ಕಂಟೈನ್ಡ್ ಅಂತ ಸರ್ಟಿಫಿಕೇಟು ಸಿಗುವುದಿಲ್ಲ. ಒಂದು ಕಾಲದಲ್ಲಿ ನಮ್ಮೂರ ಲಾಡ್ಜಿನವರು 'ಅಟ್ಯಾಚ್ಡ್ ಬಾತ್‌ರೂಂ ಇದೆ' ಅಂತ ಬೋರ್ಡು ಬರೆಸುತ್ತಿದ್ದರಲ್ಲ, ಅದೇ ಜಂಬ.

ಗಾಡಿ ಇಪ್ಪತ್ತೈದು ಅಡಿ ಉದ್ದ. ಡ್ರೈವರ್ ತಲೆಯ ಮೇಲೆ ಒಂದು ಅಟ್ಟ, ಅಟ್ಟದಲ್ಲಿ ಹಾಸಿಗೆ. ಗ್ಯಾಸಿನಲ್ಲಿ ಓಡುವ ಫ್ರಿಜ್ಜು, ಎರಡು ಉರಿಯ ಒಲೆ, ನಾನು ತಿರುಗಿದರೆ ಮೊಣಕೈ ತಗಲುವ ಬಚ್ಚಲು. ನೆಲದಡಿ ಮೂರು ಟ್ಯಾಂಕು: ಒಳ್ಳೆಯ ನೀರಿನದು ಒಂದು, ಸ್ನಾನ-ಪಾತ್ರೆಯ ಕೊಚ್ಚೆಗೆ ಬೂದು ಟ್ಯಾಂಕು, ಇನ್ನೊಂದಕ್ಕೆ ಕಪ್ಪು ಟ್ಯಾಂಕು. ಬಾಡಿಗೆಗೆ ಕೊಟ್ಟ ಹುಡುಗ ಬಹಳ ಶ್ರದ್ಧೆಯಿಂದ ಪಾಠ ಮಾಡಿದ: ಕೊನೆಯ ದಿನ ಖಾಲಿ ಮಾಡುವಾಗ ಗ್ಲೌಸು ಹಾಕಿಕೊಂಡು ಮೊದಲು ಕಪ್ಪು ಬಿಡಬೇಕು, ಆಮೇಲೆ ಬೂದು. ಆಗ ಸೋಪಿನ ನೀರಿನಿಂದ ಪೈಪು ತಾನೇ ತೊಳೆದುಕೊಳ್ಳುತ್ತದೆ. ನಮ್ಮವರು ಅದನ್ನು ಡೈರಿಯಲ್ಲಿ ಬರೆದುಕೊಂಡರು. ಮೂವತ್ತನಾಲ್ಕು ವರ್ಷ ಕೆಇಬಿಯಲ್ಲಿದ್ದವರು. ಯಾವ ಸ್ವಿಚ್ಚು ಮೊದಲು, ಯಾವುದು ಆಮೇಲೆ ಅನ್ನುವುದರ ಮೇಲೆ ಅವರಿಗೆ ಅಪಾರ ಭಕ್ತಿ.

ನನಗೆ ಈ ಗಾಡಿ ನೋಡಿದಾಗಿನಿಂದ ನೆನಪಾಗುತ್ತಿದ್ದುದು ಮಾಲೇಕಲ್ಲು ತಿರುಪತಿಯ ಜಾತ್ರೆ. ಆಷಾಢದ ತುಂತುರಿನಲ್ಲಿ ಅಪ್ಪ ಕಮಾನು ಗಾಡಿ ಕಟ್ಟುತ್ತಿದ್ದರು. ಒಳಗೆ ಹುಲ್ಲು ಹಾಸಿ ಮೇಲೆ ಜಮಖಾನೆ. ಗಾಡಿಯ ಹಿಂದೆ ಸೌದೆಯ ಹೊರೆ, ಎತ್ತುಗಳಿಗೆ ಹುಲ್ಲಿನ ಪಿಂಡಿ, ಅಡಿಯಲ್ಲಿ ತೂಗುಬಿದ್ದ ಲಾಟೀನು. ಅವ್ವನ ಮಡಿಲಲ್ಲಿ ಹುರಿಹಿಟ್ಟಿನ ಡಬ್ಬ. ಯಾರದೋ ತೆಂಗಿನ ತೋಟದಲ್ಲಿ ಗಾಡಿ ಬಿಡುವುದು. ಹೋದ ವರ್ಷ ಯಾರೋ ಹೂಡಿದ ಮೂರು ಕಲ್ಲು ಮಸಿ ಹಿಡಿದು ಅಲ್ಲೇ ಕಾದಿರುತ್ತಿದ್ದವು. ಇದೂ ಖಾಸಗಿ ಜಮೀನೇ, ನಾವೂ ಎಲ್ಲ ಹೊತ್ತು ತಂದವರೇ. ಆದರೆ ತೋಟದವನನ್ನು ನೀರು ಕೇಳದೆ ಇದ್ದರೆ ಅವನಿಗೆ ಸಿಟ್ಟು ಬರುತ್ತಿತ್ತು. ಕೊಡ ಹಿಡಿದು ಬಾವಿಗೆ ಹೋದರೆ "ಯಾವೂರಮ್ಮ?" ಅಂತ ಶುರುವಾಗಿ, ಕೊಡ ತುಂಬುವುದರೊಳಗೆ ಅವನ ಷಡ್ಡಕನ ತಂಗಿಯನ್ನು ನಮ್ಮ ಪಕ್ಕದೂರಿಗೆ ಕೊಟ್ಟಿರುವುದು ಪತ್ತೆಯಾಗಿ, ಸಂಜೆಗೆ ಅವರ ಮನೆಯಿಂದ ಮಜ್ಜಿಗೆ ಬರುತ್ತಿತ್ತು. ಇನ್ನು ಆ ಕಪ್ಪು ಟ್ಯಾಂಕಿನ ವಿಷಯಕ್ಕೆ ಬಂದರೆ, ಅದರಲ್ಲಿ ನಾವು ಎಳ್ಳಷ್ಟೂ ಸೆಲ್ಫ್ ಕಂಟೈನ್ಡ್ ಆಗಿರಲಿಲ್ಲ. ತೋಟದ ಆಚೆ ಹೊಲವಿತ್ತು, ಹೊಲದ ಆಚೆ ಹಳ್ಳವಿತ್ತು. ಆ ಹೊಲದವನು ಏನು ಅಂದುಕೊಂಡನೋ ಅಂತ ಮೊದಲ ಸಲ ಯೋಚನೆ ಬಂದದ್ದು ನನಗೆ ಟೆಕ್ಸಾಸಿನಲ್ಲಿ, ಅರವತ್ತೆಂಟನೆಯ ವಯಸ್ಸಿನಲ್ಲಿ.

ರ‍್ಯಾಂಚು ಮುಟ್ಟಿದಾಗ ಸೂರ್ಯ ಮುಳುಗುತ್ತಿದ್ದ. ರಸ್ತೆ ಪಕ್ಕದ ಮೊದಲ ಗೇಟಿಗೆ ನಂಬರಿನ ಬೀಗ. ಅದು ದಾಟಿದರೆ ದಾರಿಗೆ ಅಡ್ಡಲಾಗಿ ಒಂದು ಗುಂಡಿ, ಗುಂಡಿಯ ಮೇಲೆ ಸಾಲಾಗಿ ಕಬ್ಬಿಣದ ಕೊಳವೆಗಳು. ಗಾಡಿಯ ಚಕ್ರ ಅದರ ಮೇಲೆ ಗಡಗಡ ಅಂತ ಹೋಗುತ್ತದೆ, ದನದ ಗೊರಸು ಮಾತ್ರ ಹೆದರಿ ಹಿಂದೆ ಸರಿಯುತ್ತದೆ. ಬಾಗಿಲಿಲ್ಲದ ಬಾಗಿಲು. ಆಮೇಲೆ ಎರಡನೆಯ ಗೇಟು, ಸರಪಳಿ ಸುತ್ತಿದ್ದು. ನಮ್ಮವರು ಇಳಿದು ಹೋದರು, ಮೊಮ್ಮಗಳು ವಿಡಿಯೊ ಮಾಡುತ್ತಿದ್ದಳು. ಈ ಗೇಟಿನ ಮಾತು ಆಮೇಲೆ ಬರುತ್ತದೆ.

ಇಳಿದು ಎರಡು ಹೆಜ್ಜೆ ಇಟ್ಟಿದ್ದೇ ತಡ, ಚಪ್ಪಲಿ ತೂರಿಕೊಂಡು ಅಂಗಾಲಿಗೆ ಮುಳ್ಳು. ಕಿತ್ತು ಬೆಳಕಿಗೆ ಹಿಡಿದೆ. ಗುರುತು ಸಿಕ್ಕಿತು. "ಬಳ್ಳಾರಿ ಜಾಲಿ!" ಅಲ್ಲಿಯವರು ಮೆಸ್ಕೀಟ್ ಅನ್ನುತ್ತಾರೆ. ನಮ್ಮ ಕೆರೆಯಂಗಳಗಳನ್ನೆಲ್ಲ ನುಂಗಿ ಕೂತಿರುವ ಬಳ್ಳಾರಿ ಜಾಲಿಯ ದಾಯಾದಿ ಅದು. ನಮ್ಮದರ ತವರೂ ಅಮೆರಿಕದ ಖಂಡವೇ. ಹತ್ತೊಂಬತ್ತನೆಯ ಶತಮಾನದಲ್ಲಿ ಸೌದೆಗಾಗುತ್ತದೆ, ಬರಡು ನೆಲ ಹಸಿರಾಗುತ್ತದೆ ಅಂತ ಬೀಜ ತಂದು ನಮ್ಮ ದೇಶದಲ್ಲಿ ಬಿತ್ತಿದರು. ಯಾವ ಬಳ್ಳಾರಿಯಲ್ಲೂ ಹುಟ್ಟದೆ ಬಳ್ಳಾರಿಯ ಹೆಸರು ಹೊತ್ತುಕೊಂಡು ಅದು ಕರ್ನಾಟಕವೆಲ್ಲ ಹರಡಿತು. ಪಕ್ಕದಲ್ಲಿ ಪಾಪಾಸುಕಳ್ಳಿಯೂ ಪೊದೆಪೊದೆಯಾಗಿ ಇತ್ತು. ಅದರ ತವರೂ ಇಲ್ಲೇ. ಹತ್ತು ಸಾವಿರ ಮೈಲಿ ಬಂದರೆ ಅರಸೀಕೆರೆಯ ಬೇಲಿ ಸಾಲಿನಲ್ಲಿ ನಿಂತ ಹಾಗಾಯಿತು.

ಇಂಥ ಒಂಟಿ ವಾಸಕ್ಕೆ ಅವರು ಬೂನ್‌ಡಾಕಿಂಗ್ ಅನ್ನುತ್ತಾರೆ. ಕೇಳಿದರೆ ಹಡಗುಕಟ್ಟೆಯ ವ್ಯವಹಾರ ಅನ್ನಿಸುತ್ತದೆ. ಅಳಿಯ ಹೇಳಿದ್ದು: ಅದು ಫಿಲಿಪ್ಪೀನ್ಸಿನ ಟಗಾಲಗ್ ಭಾಷೆಯ 'ಬುಂಡೋಕ್', ಬೆಟ್ಟ ಅಂತ ಅರ್ಥ. ಅಲ್ಲಿಗೆ ದಂಡೆತ್ತಿ ಹೋದ ಅಮೆರಿಕದ ಸಿಪಾಯಿಗಳು ಆ ಪದವನ್ನು ಕಟ್ಟಿಕೊಂಡು ಬಂದು, ಯಾವ ದಿಕ್ಕುದೆಸೆಯಿಲ್ಲದ ಜಾಗಕ್ಕೂ ಅದನ್ನೇ ಅಂಟಿಸಿದರು. ನಾವಿದ್ದ ಬಯಲಿನಲ್ಲಿ ಬೆಟ್ಟ ಹೋಗಲಿ, ಒಂದು ದಿಣ್ಣೆಯೂ ಇರಲಿಲ್ಲ.

ಇನ್ನು ನೀರಿನ ಕಥೆ. ನಮ್ಮ ಟ್ಯಾಂಕು 40 ಗ್ಯಾಲನ್, ಅಂದರೆ ಸುಮಾರು 150 ಲೀಟರು. ಐದು ಜನ, ಎರಡು ರಾತ್ರಿ. ನಲ್ಲಿ ತಿರುಗಿಸಿದ ತಕ್ಷಣ ನೆಲದಡಿ ಪಂಪು ಗುರ್ರ್ ಅನ್ನುತ್ತದೆ. ಹಾಗಾಗಿ ಯಾರು ಎಷ್ಟು ಹೊತ್ತು ನೀರು ಬಿಟ್ಟರು ಅನ್ನುವುದು ಮನೆಮಂದಿಗೆಲ್ಲ ಗೊತ್ತು. ನಲವತ್ತಮೂರು ವರ್ಷದ ಸಂಸಾರದಲ್ಲಿ, ನಮ್ಮವರು ಹಲ್ಲುಜ್ಜುವಾಗ ನಲ್ಲಿ ಬಿಟ್ಟೇ ಇರುತ್ತಾರೆ ಅಂತ ನಾನು ಹೇಳಿದ್ದನ್ನು ಯಾರೂ ನಂಬಿರಲಿಲ್ಲ. ಪಂಪು ಸಾಕ್ಷಿ ಹೇಳಿತು. ಸ್ನಾನಕ್ಕೆ ಅಳಿಯ ಒಂದು ಕ್ರಮ ಕಲಿಸಿಕೊಟ್ಟ: ಮೈ ಒದ್ದೆ ಮಾಡು, ನಿಲ್ಲಿಸು, ಸೋಪು ಹಚ್ಚು, ತೊಳಕೋ, ಮುಗೀತು. ನೌಕಾಪಡೆಯವರ ಸ್ನಾನವಂತೆ. ಅರಸೀಕೆರೆಯವಳಿಗೆ ಇದನ್ನು ಹೇಳಿಕೊಡುವುದೇ? ನಾನು ಅರ್ಧ ಬಕೀಟು ನೀರು, ಒಂದು ಚೊಂಬು ಹಿಡಿದು ಒಳಗೆ ಹೋದವಳು ತಲೆಗೂ ಹೊಯ್ದುಕೊಂಡು ಈಚೆ ಬಂದೆ. ಆ ಸಂಜೆ ಮಗಳು, ಮೊಮ್ಮಗಳು ಇಬ್ಬರೂ ಚೊಂಬಿಗೇ ಬಂದರು.

ಜಗಳವಾದದ್ದು ಅಕ್ಕಿ ತೊಳೆದ ನೀರಿಗೆ. ನಾನು ಪಾತ್ರೆ ಹಿಡಿದು ಬಾಗಿಲಿಗೆ ಹೋದೆ.

"ಎಲ್ಲಿಗಮ್ಮ?"

"ಗಿಡಕ್ಕೆ ಹಾಕಿ ಬರ್ತೀನಿ."

"ಹಾಕೋ ಹಾಗಿಲ್ಲ. ಬೂದು ಟ್ಯಾಂಕಿಗೇ ಹೋಗ್ಬೇಕು."

ಆರುನೂರ ನಲವತ್ತು ಎಕರೆ ಬಾಯಿ ಬಿಟ್ಟುಕೊಂಡು ಬಿದ್ದಿದೆ, ಮಳೆ ಬಂದು ಎಷ್ಟು ಕಾಲವಾಯಿತೋ, ಆ ನೆಲಕ್ಕೆ ಅರ್ಧ ಚೊಂಬು ಅಕ್ಕಚ್ಚು ಕೂಡದಂತೆ! ಸೋಪಿನ ನೀರು ಬೇಡ ಅನ್ನಲಿ, ಒಪ್ಪುತ್ತೇನೆ. ಎಂಜಲು ಚೆಲ್ಲಿದರೆ ಕಾಡುಪ್ರಾಣಿ ಬರುತ್ತವೆ ಅಂದರೂ ಒಪ್ಪುತ್ತೇನೆ. ಅಕ್ಕಚ್ಚಿನ ಮೇಲೆ ಯಾವ ಆಪಾದನೆಯೂ ಇಲ್ಲ. ಅದು ದನಕ್ಕೆ ಕೊಡುವ ವಸ್ತು. ಈಗ ಹೇಳಿಬಿಡುತ್ತೇನೆ, ಎರಡನೆಯ ದಿನ ಎಲ್ಲರೂ ಪಕ್ಷಿ ನೋಡಲು ಹೋಗಿದ್ದಾಗ ನಾನು ಅದನ್ನು ಒಂದು ಪಾಪಾಸುಕಳ್ಳಿಯ ಬುಡಕ್ಕೆ ಹೊಯ್ದೆ. ಯಾವ ಅನಾಹುತವೂ ಆಗಲಿಲ್ಲ.

ನಮ್ಮವರು ಮಾತ್ರ ಗೋಡೆಯ ಮೇಲಿನ ಒಂದು ಪಟ್ಟಿಗೆ ಮನಸೋತಿದ್ದರು. ಅದರಲ್ಲಿ ಗುಂಡಿ ಒತ್ತಿದರೆ ಯಾವ ಟ್ಯಾಂಕು ಎಷ್ಟು ತುಂಬಿದೆ ಅಂತ ಕೆಂಪು ದೀಪಗಳು ತೋರಿಸುತ್ತವೆ: ಖಾಲಿ, ಮೂರರಲ್ಲೊಂದು, ಮೂರರಲ್ಲೆರಡು, ಪೂರ್ತಿ. ಸಬ್‌ಸ್ಟೇಷನ್ನಿನಲ್ಲಿ ಗಂಟೆಗೊಮ್ಮೆ ರೀಡಿಂಗ್ ಬರೆಸುತ್ತಿದ್ದ ಮನುಷ್ಯ. ಇಲ್ಲೂ ಶುರುವಾಯಿತು. ಬ್ಯಾಟರಿ ಇಷ್ಟು, ನೀರು ಇಷ್ಟು, "ಕಪ್ಪು ಮೂರರಲ್ಲೆರಡಾಗಿದೆ, ಯಾರು ಹೋಗಿದ್ರು?" ಅಂತ ಬಹಿರಂಗ ವಿಚಾರಣೆ. ಮೊದಲ ರಾತ್ರಿಯೇ ಮೂರರಲ್ಲೆರಡು! ಮಗಳು ನಾಚಿಕೆಯಿಂದ ತಲೆ ತಗ್ಗಿಸಿದಳು. ಅಳಿಯ ಮೆಲ್ಲಗೆ, "ಮಾವ, ಆ ಸೆನ್ಸರಿಗೆ ಕಾಗದ ಅಂಟಿಕೊಂಡ್ರೆ ಸುಳ್ಳು ಹೇಳುತ್ತೆ," ಅಂದ. ನಮ್ಮವರು ಒಪ್ಪಲಿಲ್ಲ. ಮೀಟರು ಸುಳ್ಳು ಹೇಳುತ್ತದೆ ಅನ್ನುವ ಗ್ರಾಹಕರನ್ನು ಅವರು ಬಹಳ ಜನ ನೋಡಿದ್ದರು.

ಬೆಳಗಿನ ದೋಸೆಗೆ ಚಟ್ನಿ ಬೇಕಲ್ಲ. ಬ್ಯಾಟರಿಗೆ ದೀಪ, ಪಂಪು ಗೊತ್ತು, ಮಿಕ್ಸಿ ಗೊತ್ತಿಲ್ಲ. ಮಿಕ್ಸಿ ತಿರುಗಬೇಕಾದರೆ ಜನರೇಟರ್ ಏಳಬೇಕು. ಅದು ಎದ್ದರೆ ಒಂದು ಮೈಲಿ ದೂರದ ಹಕ್ಕಿಯೂ ಏಳುತ್ತದೆ. ಒಂದು ಹೋಳು ತೆಂಗಿನಕಾಯಿ, ನಾಲ್ಕು ಹಸಿಮೆಣಸಿನಕಾಯಿಗೆ ಇಷ್ಟು ಪೆಟ್ರೋಲು ಸುಡುವುದೇ ಅಂತ ನನಗೇ ಮುಜುಗರವಾಗಿ ಶೇಂಗಾ ಚಟ್ನಿಪುಡಿಯ ಡಬ್ಬ ತೆಗೆದೆ. ಆದರೆ ಸಾರಿಗೆ ಒಗ್ಗರಣೆ ಬಿಡುವಾಗ ನಾನು ರಾಜಿಯಾಗಲಿಲ್ಲ. ಸಾಸಿವೆ ಸಿಡಿದು ಒಣಮೆಣಸಿನಕಾಯಿ ಕಮರಿದ್ದೇ ತಡ, ಮೇಲಿನ ಹೊಗೆಗಂಟೆ ಕೀಂಯ್ ಅಂತ ಕಿರುಚತೊಡಗಿತು. ಕಿಟಕಿ ತೆಗೆ, ಬಾಗಿಲು ತೆಗೆ, ಟವಲು ಬೀಸು. ಏನೂ ಇಲ್ಲದೇ ಇರುವುದಕ್ಕೆ ದುಡ್ಡು ಕೊಟ್ಟು ಬಂದವರು ಎಬ್ಬಿಸಿದ ಗದ್ದಲಕ್ಕೆ ದೂರದಲ್ಲಿ ದನವೊಂದು ತಲೆಯೆತ್ತಿ ನೋಡಿತು.

ರಾತ್ರಿ ಮಾತ್ರ ಬೇರೆ. ಅಮಾವಾಸ್ಯೆ ಹತ್ತಿರ. ಗಾಡಿಯ ದೀಪ ಆರಿಸಿ ಹೊರಗೆ ಕುರ್ಚಿ ಹಾಕಿಕೊಂಡು ಕೂತೆವು. ಸದ್ದೇ ಇಲ್ಲ ಅಂದರೆ ಹೇಗಿರುತ್ತದೆ ಅಂತ ನನಗೆ ಮರೆತೇಹೋಗಿತ್ತು. ಕಿವಿಯೊಳಗಿನ ಗುಂಯ್ ಮಾತ್ರ ಉಳಿಯುತ್ತದೆ. ನಮ್ಮ ಮನೆ ಎದುರು ಟ್ರಾನ್ಸ್‌ಫಾರ್ಮರ್ ಇದೆ. ಅದರ ಗುನುಗು ಇಲ್ಲದೆ ನಮ್ಮವರಿಗೆ ಏನೋ ಕಳೆದುಕೊಂಡ ಹಾಗಾಗಿತ್ತು. ಉತ್ತರಕ್ಕೆ ನೋಡಿದರೆ ಧ್ರುವ ನಕ್ಷತ್ರ ಎಲ್ಲೋ ಮೇಲೆ ಹೋಗಿ ಕೂತಿದೆ. ಅರಸೀಕೆರೆಯಲ್ಲಿ ಅದು ತೆಂಗಿನ ಗರಿಗಳ ಸಂದಿಯಲ್ಲಿ ತಗ್ಗಿನಲ್ಲೇ ಇರುತ್ತದೆ, ದಿಗಂತದಿಂದ ಹದಿಮೂರು ಡಿಗ್ರಿ. ಇಲ್ಲಿ ಅದರ ಎರಡರಷ್ಟಕ್ಕೂ ಮೇಲೆ. ಚಲಿಸದೆ ಇರುವವನು ಅಂತ ಹೆಸರು ಪಡೆದವನು ನಾವು ಊರು ಬಿಟ್ಟರೆ ತಾನೂ ಜಾಗ ಬದಲಾಯಿಸುತ್ತಾನೆ. ಇದನ್ನು ಮೊಮ್ಮಗಳಿಗೆ ವಿವರಿಸುವಷ್ಟರಲ್ಲಿ ಮೆಸ್ಕೀಟ್ ಪೊದೆಗಳ ಆಚೆಯಿಂದ ಕಯೋಟಿಗಳು ಊಳಿಟ್ಟವು. ನಮ್ಮ ಗುಳ್ಳೆನರಿಯ ಕಡೆಯವೇ, ರಾಗ ಸ್ವಲ್ಪ ಮೇಲಿನ ಶ್ರುತಿಯದು. ಅವಳು ನನ್ನ ಶಾಲಿನೊಳಗೆ ಸೇರಿಕೊಂಡಳು.

ಬೆಳಗಿನ ಜಾವ ಮನೆ ಅಲ್ಲಾಡಿತು. ಭೂಕಂಪವೇ ಅಂದುಕೊಂಡು ಎದ್ದೆ. ಲಯಬದ್ಧವಾಗಿ ಅಲ್ಲಾಡುತ್ತಿದೆ, ಪಾತ್ರೆಗಳು ಟಿಣ್ ಟಿಣ್ ಅನ್ನುತ್ತಿವೆ. ಪರದೆ ಸರಿಸಿದರೆ ಕಿಟಕಿಯ ತುಂಬ ಒಂದು ಕಣ್ಣು. ದನ ಗಾಡಿಯ ಮೂಲೆಗೆ ಮೈ ಉಜ್ಜುತ್ತಿತ್ತು! ಬೂದು ಬಿಳುಪು ಬಣ್ಣ, ಎದ್ದು ನಿಂತ ಹಿಣಿಲು, ಜೋಲುಬಿದ್ದ ಕಿವಿ, ಮೊಣಕಾಲಿನ ತನಕ ಇಳಿದ ಗಂಗೆದೊಗಲು. "ಏನ್ರೀ, ಏಳಿ! ನಮ್ಮೂರ ದನ ಬಂದಿದೆ!"

ಒಂಬತ್ತಕ್ಕೆ ರ‍್ಯಾಂಚಿನ ಯಜಮಾನ ತನ್ನ ಹಳೆಯ ಪಿಕಪ್ಪಿನಲ್ಲಿ ಆ ಕಡೆ ಬಂದ. ಎಪ್ಪತ್ತರ ಆಸುಪಾಸು, ಎಲುಬು ಗಟ್ಟಿಯ ಮನುಷ್ಯ. ಈ ತಳಿಗೆ ಬ್ರಾಹ್ಮಣ್ ಅನ್ನುತ್ತಾರೆ ಅಂತ ಅಳಿಯನ ಮೂಲಕ ಹೇಳಿದ. ಅವನ ಬಾಯಲ್ಲಿ ಅದು 'ಬ್ರೇಮಾ' ಆಗುತ್ತಿತ್ತು. ಟೆಕ್ಸಾಸಿನ ಬಿಸಿಲು, ಉಣ್ಣೆಗಳ ಕಾಟಕ್ಕೆ ಯುರೋಪಿನ ದನ ಸೊರಗುತ್ತಿದ್ದವು. ಅದಕ್ಕೆ ಇಂಡಿಯಾದ ದನ ತರಿಸಿದರು. 1854ರಿಂದ 1926ರ ತನಕ ಬಂದದ್ದು ಒಟ್ಟು ಮುನ್ನೂರು ತಲೆಯೂ ಇಲ್ಲ, ಅದರಲ್ಲೂ ಬಹುಪಾಲು ಹೋರಿಗಳು. ಆ ಒಂದು ಹಿಡಿಯಿಂದ ಒಂದು ತಳಿಯೇ ಎದ್ದು ನಿಂತಿತು. ಅದರ ಮೂಲದಲ್ಲಿ ಗಿರ್ ಇದೆ, ಗುಜರಾತಿನ ಕಾಂಕ್ರೇಜ್ ಇದೆ, ಓಂಗೋಲ್ ಇದೆ, ಮತ್ತೆ ನಮ್ಮ ಕೃಷ್ಣಾ ಕಣಿವೆಯ ತಳಿ ಇದೆ. ಅಳಿಯ ಫೋನಿನಲ್ಲಿ ಇದನ್ನು ಓದಿದ್ದೇ ನಮ್ಮವರು ಎದ್ದು ನಿಂತರು. ಜಮಖಂಡಿಯಲ್ಲಿ ಮೂರು ವರ್ಷ ನೌಕರಿ ಮಾಡಿದವರು. ಎರೆಹೊಲದಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನೇಗಿಲೆಳೆಯುವ ಆ ಎತ್ತುಗಳನ್ನು ನೋಡಿದವರು. ಈಗ ಅಲ್ಲೇ ಅವು ಅಪರೂಪ. "ಹೇಳಲಿಲ್ವಾ, ಆ ಮುಖ ನೋಡ್ತಿದ್ದ ಹಾಗೇ ಜಮಖಂಡಿ ಅನ್ನಿಸ್ತು," ಅಂದರು. ಅವರು ಹಾಗೇನೂ ಹೇಳಿರಲಿಲ್ಲ. ಎದ್ದವರು ಕನ್ನಡಕ ಹುಡುಕುತ್ತಿದ್ದರು.

"ಎಷ್ಟು ಹಾಲು ಕೊಡುತ್ತೆ?" ಅಂತ ನಾನು ಕೇಳಿಸಿದೆ. ಕೇಳಬಾರದಿತ್ತು. ಯಜಮಾನ ನನ್ನ ಮುಖ ನೋಡಿ, ಅಳಿಯನ ಮುಖ ನೋಡಿ, ಹ್ಯಾಟು ತೆಗೆದು ತಲೆ ಕೆರೆದುಕೊಂಡ. ಹಾಲೆಲ್ಲ ಕರುವಿಗೇ ಅಂದ. ಕರು ಎಲ್ಲಿಗೆ ಅಂತ ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ. ಅವನು ಒಳ್ಳೆಯವನು. ಮಾತು ತಿರುಗಿಸಿ ಮೆಸ್ಕೀಟನ್ನು ಬೈಯತೊಡಗಿದ: ನೆಲದ ನೀರೆಲ್ಲ ಕುಡಿದುಬಿಡುತ್ತದೆ, ಕಡಿದಷ್ಟೂ ಚಿಗುರುತ್ತದೆ. ನಮ್ಮ ತಾಲ್ಲೂಕಿನ ರೈತ ಸಂಘದವರು ಅಲ್ಲೇ ಕೂತಿದ್ದರೂ ಒಂದಕ್ಷರ ತಿದ್ದಬೇಕಾಗಿರಲಿಲ್ಲ. ಈ ಅತಿಥಿಗಳ ವ್ಯಾಪಾರ ಹೇಗಿದೆ ಅಂತ ಕೇಳಿದ್ದಕ್ಕೆ, ಹಸುವಿಗೆ ಬರಗಾಲದಲ್ಲಿ ಹುಲ್ಲು ಕೊಂಡು ಹಾಕಬೇಕು, ನೀವು ನಿಮ್ಮ ಮೇವು ನೀವೇ ತರುತ್ತೀರಿ ಅಂದ. ನಾನು ಒಂದು ಲೋಟ ಕಾಫಿ ಕೊಟ್ಟೆ. ಕುಡಿದ. ಲೋಟ ತೊಳೆಯಲು ಹೋಗಿ, ಪಂಪಿನ ಸದ್ದು ಕೇಳಿ, ತಟ್ಟನೆ ನಲ್ಲಿ ನಿಲ್ಲಿಸಿ ನಕ್ಕ. ಯಾವೂರು, ಯಾರ ಪೈಕಿ ಅನ್ನುವುದನ್ನು ಮಾತ್ರ ನಾವಿಬ್ಬರೂ ಕೇಳಿಕೊಳ್ಳಲಿಲ್ಲ.

ಮೂರನೆಯ ಬೆಳಗ್ಗೆ ಹೊರಟೆವು. ಕಸದ ಚೀಲ ಎರಡು, ಬೂದು ಟ್ಯಾಂಕು ಅರ್ಧ, ಕಪ್ಪು ಮೊದಲ ರಾತ್ರಿಯಿಂದ ಅದೇ ಮೂರರಲ್ಲೆರಡು. ಎರಡನೆಯ ಗೇಟಿನ ಹತ್ತಿರ ಅಳಿಯ ಬ್ರೇಕ್ ಹಾಕಿದ. ಗೇಟು ಹಾರುಹೊಡೆದಿತ್ತು.

"ಬಂದಾಗ ಮುಚ್ಚಿತ್ತಲ್ವಾ?" ಅಂದಳು ಮಗಳು.

"ಮುಚ್ಚಿತ್ತು. ನಾನೇ ತೆಗೆದು, ನಾನೇ ಮುಚ್ಚಿದೆ," ನಮ್ಮವರು.

"ತೆಗೆದಿದ್ದು ನೋಡಿದೆ, ಮುಚ್ಚಿದ್ದು ನೋಡಲಿಲ್ಲ ಮಾವ."

"ಹಾಗಾದ್ರೆ ಎರಡು ದಿನದಿಂದ ತೆಗೆದೇ ಇದೆ ಅಂತೀಯಾ?"

"ನಿನ್ನೆ ಯಜಮಾನ ಬಂದಿದ್ನಲ್ಲ, ಅವನೇ ತೆಗೆದಿಟ್ಟಿರಬಹುದು. ಹಾಗಿದ್ರೆ ತೆಗೆದೇ ಬಿಡ್ಬೇಕು. ಈಗ ನಮಗೆ ಸಿಕ್ಕಿರೋದು ತೆಗೆದಿರೋ ಗೇಟೇ ತಾನೆ?"

ಫೋನು ಮಾಡೋಣವೆಂದರೆ ಸಿಗ್ನಲ್ ಇಲ್ಲ. ಮೊಮ್ಮಗಳು ತನ್ನ ವಿಡಿಯೊ ತೆಗೆದಳು. ಐದು ತಲೆ ಒಟ್ಟಿಗೆ ಬಗ್ಗಿದವು. ಗೇಟು ಮುಚ್ಚಿದೆ. ತಾತ ಇಳಿಯುತ್ತಾರೆ. ಸರಪಳಿಯ ಜೊತೆ ಒದ್ದಾಡುತ್ತಾರೆ, ಬಿಚ್ಚುತ್ತಾರೆ, ತಳ್ಳುತ್ತಾರೆ, ಬರುವುದಿಲ್ಲ, ಎಳೆಯುತ್ತಾರೆ, ಬರುತ್ತದೆ. ಸ್ಟೇಷನ್ ಮಾಸ್ಟರ ಹಾಗೆ ಕೈ ಬೀಸಿ ಗಾಡಿಯನ್ನು ಒಳಗೆ ಕರೆಯುತ್ತಾರೆ. ಗಾಡಿ ದಾಟುತ್ತದೆ. ತಾತ ಗೇಟಿಗೆ ಕೈ ಹಾಕುತ್ತಾರೆ. ಅಷ್ಟರಲ್ಲಿ ಚಿತ್ರ ಸರ್ರನೆ ತಿರುಗಿ, ಬೇಲಿಕಂಬದ ಮೇಲೆ ಕೂತ ಒಂದು ಕೆಂಪು ಹಕ್ಕಿ. ಆಮೇಲೆ ಉದ್ದಕ್ಕೂ ಹಕ್ಕಿಯೇ.

ನಮ್ಮವರು ಇಳಿದು ಹೋಗಿ ಗೇಟನ್ನು ಅರ್ಧ ಮುಂದೆ ತಂದು ಹಿಡಿದುಕೊಂಡು ನಿಂತರು. ಅಳಿಯ ಗಾಡಿಯನ್ನು ಆಚೆ ದಾಟಿಸಿದ. ಅಷ್ಟರಲ್ಲಿ ಮೆಸ್ಕೀಟ್ ಸಾಲಿನಿಂದ ನಮ್ಮ ಜಮಖಂಡಿ ನಿಧಾನವಾಗಿ ನಡೆದು ಬಂದು, ಗೇಟಿನ ಸಂದಿಯಲ್ಲಿ ಮುಂಗಾಲು ಆಚೆ, ಹಿಂಗಾಲು ಈಚೆ ಇಟ್ಟು ನಿಂತು, ಕಂಬಕ್ಕೆ ಮೈ ಉಜ್ಜತೊಡಗಿತು.

"ಏನೇ, ಇದು ಯಾವ ಕಡೇದು?" ಅಂತ ನಮ್ಮವರು ನನ್ನನ್ನು ಕೂಗಿ ಕೇಳಿದರು.